ಆನ್‌ಲೈನ್ ರಮ್ಮಿಯಲ್ಲಿ ಎಲೆ ನಿಜವಾಗ್ಲೂ ಕಲೆಸ್ತಾರಾ? ಸತತ ನಾಲ್ಕು ಆಟ, ಒಂದೂ ಜೋಕರ್ ಇಲ್ಲ

ಕಬ್ಬಿನಗದ್ದೆ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಓದಿ ನಗಬೇಡಿ. ನಾವು ಆರು ಜನ ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ರಮ್ಮಿ ಆಡುತ್ತೇವೆ. ನಾನು ಮಂಡ್ಯದಲ್ಲಿ, ಚಿಕ್ಕಪ್ಪ ಮದ್ದೂರಿನಲ್ಲಿ, ಭಾವ ಮೈಸೂರಿನ ಬೋಗಾದಿಯಲ್ಲಿ, ಜೊತೆಗೆ ಕಾಲೇಜಿನ ಇಬ್ಬರು ಗೆಳೆಯರು, ಮತ್ತೆ ಭಾವನ ಆಫೀಸಿನವರು ಒಬ್ಬರು. ಅವರು ಇರೋದು ಬೆಂಗಳೂರಿನಲ್ಲಿ. ಎರಡು ಕಟ್ಟು, 13 ಎಲೆ, ಪ್ರೈವೇಟ್ ಟೇಬಲ್. ದುಡ್ಡು ಇಲ್ಲ, ಬರೀ ಪಾಯಿಂಟ್. ತಿಂಗಳ ಕೊನೆಗೆ ಯಾರ ತಲೆ ಮೇಲೆ ಜಾಸ್ತಿ ಪಾಯಿಂಟ್ ಇರುತ್ತೋ ಅವರು ಎಲ್ಲರಿಗೂ ಮದ್ದೂರು ವಡೆ ಕೊಡಿಸಬೇಕು.

ನಾಲ್ಕು ತಿಂಗಳಿಂದ ನಾನೇ ಕೊಡಿಸುತ್ತಿದ್ದೇನೆ.

ನಿನ್ನೆ ರಾತ್ರಿ ಸತತ ನಾಲ್ಕು ಆಟ ಒಂದೂ ಜೋಕರ್ (ಬೇರೆ ಎಲೆಯ ಬದಲಿಗೆ ಓಡುವ ಎಲೆ) ಬರಲಿಲ್ಲ. ಐದನೆಯದರಲ್ಲಿ ಎರಡು ಬಂದವು, ಆದರೆ ಲೈಫ್ (ಜೋಕರ್ ಇಲ್ಲದೇ ಒಂದೇ ಗುರುತಿನ ಸಾಲು ಎಲೆ) ಆಗಲಿಲ್ಲ. ಭಾವ ಮೂರನೇ ಸುತ್ತಿಗೇ ಎಲೆ ಜೋಡಿಸಿ ಮುಗಿಸಿ ಶೋ ಕೊಟ್ಟರು. ನನಗೆ ಫುಲ್ ಕೌಂಟ್, ಅಂದರೆ ಪೂರ್ತಿ 80 ಪಾಯಿಂಟ್. ಈ ಆ್ಯಪ್ ಕೆಲವರಿಗೆ ಬೇಕಂತಲೇ ಒಳ್ಳೆ ಎಲೆ ಹಾಕುತ್ತಾ? ಗೊತ್ತಿರೋರು ಹೇಳಿ.

ಜೋಕರ್_ಬರಲ್ಲ:
ನನ್ನ ಹೆಸರು ನೋಡಿದರೆ ನನ್ನ ಅಭಿಪ್ರಾಯ ಗೊತ್ತಾಗುತ್ತೆ ಅಂದುಕೊಳ್ಳುತ್ತೇನೆ.

ಚಾಮುಂಡಿ_ಮೆಟ್ಟಿಲು:
ನೂರಕ್ಕೆ ನೂರು ಮೋಸ. ಹೊಸದಾಗಿ ಸೇರಿದ ಒಂದು ವಾರ ಎಂಥ ಎಲೆ ಬರುತ್ತೆ ಗೊತ್ತಾ, ಕೈಗೆ ಬರುವಾಗಲೇ ಲೈಫ್ ಕಟ್ಟಿಕೊಂಡು ಬರುತ್ತೆ. ರುಚಿ ಹತ್ತಿದ ಮೇಲೆ ಶುರು. ನಾನು ಎರಡು ಆ್ಯಪ್‌ನಲ್ಲಿ ನೋಡಿದ್ದೇನೆ, ಎರಡೂ ಹೀಗೇ.

ಲೆಕ್ಕದ_ಮೇಷ್ಟ್ರು:
ಒಂದು ನಿಮಿಷ. ಬೈಯುವ ಮುಂಚೆ ಲೆಕ್ಕ ಹಾಕೋಣ. ಎರಡು ಕಟ್ಟು ಅಂದರೆ 104 ಎಲೆ, ಅಚ್ಚಿನ ಜೋಕರ್ ಎರಡು, ಒಟ್ಟು 106. ಆಟದ ಜೋಕರ್ ಅಂತ ಒಂದು ಎಲೆ ತೆಗೆದು ಇಟ್ಟ ಮೇಲೆ (ಆ ಅಂಕಿಯ ಎಲೆಗಳೆಲ್ಲ ಜೋಕರ್ ಆಗುತ್ತವೆ) ಉಳಿದದ್ದು 105. ಅದರಲ್ಲಿ ಜೋಕರ್ ಎಷ್ಟು? ಅದೇ ಅಂಕಿಯ ಎಲೆ ಇನ್ನೂ 7, ಅಚ್ಚಿನವು 2, ಒಟ್ಟು 9. ನಿಮ್ಮ 13 ಎಲೆಯಲ್ಲಿ ಆ ಒಂಬತ್ತರಲ್ಲಿ ಒಂದೂ ಇಲ್ಲದೇ ಇರುವ ಸಾಧ್ಯತೆ ಹೆಚ್ಚುಕಡಿಮೆ ನೂರಕ್ಕೆ 29. ಅಂದರೆ ಹತ್ತು ಆಟದಲ್ಲಿ ಮೂರರಲ್ಲಿ ಜೋಕರ್ ಬರದೇ ಇರೋದು ಮಾಮೂಲು. ಸತತ ನಾಲ್ಕು ಸಲ ಬರದೇ ಇರೋದು ಸುಮಾರು 143ಕ್ಕೆ ಒಂದು. ನೀವು ರಾತ್ರಿಗೆ ಎಷ್ಟು ಆಟ ಆಡುತ್ತೀರಿ?

ಕಬ್ಬಿನಗದ್ದೆ_ಮಂಡ್ಯ:
ಇಪ್ಪತ್ತು ಆಗುತ್ತೆ ಸಾರ್. ಭಾನುವಾರ ಸ್ವಲ್ಪ ಜಾಸ್ತಿ.

ಲೆಕ್ಕದ_ಮೇಷ್ಟ್ರು:
ತಿಂಗಳಿಗೆ 600 ಆಟ! ಹಾಗಾದರೆ ಇಂಥ ಬರಗಾಲ ತಿಂಗಳಿಗೆ ಎರಡು ಮೂರು ಸಲ ಬರಲೇಬೇಕು. ಬರಲಿಲ್ಲ ಅಂದರೆ ನಾನು ಅನುಮಾನ ಪಡುತ್ತಿದ್ದೆ. ನಿಮಗೆ ಜೋಕರ್ ಬಂದ ಆಟ ನೆನಪಿರಲ್ಲ, ಬರದ ಆಟ ಮಾತ್ರ ನೆನಪಿರುತ್ತೆ. ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು 100 ಆಟ ಬರೆಯಿರಿ. ಪ್ರತಿ ಆಟಕ್ಕೂ ಜೋಕರ್ ಎಷ್ಟು, ಗೆದ್ದವರು ಯಾರು, ಅಷ್ಟೇ.

ಜೋಕರ್_ಬರಲ್ಲ:
ಮೇಷ್ಟ್ರೇ, ರಜೆಯಲ್ಲೂ ಹೋಂವರ್ಕಾ?

ಪಾಂಡವಪುರ_ಪ್ಯಾಸೆಂಜರ್:
ಮೋಸ ಅಂದರೆ ಮೊಬೈಲಿನಲ್ಲೇ ಹುಟ್ಟಿದ್ದು ಅನ್ನೋ ಥರ ಮಾತಾಡಬೇಡಿ. ನಮ್ಮೂರಿನಲ್ಲಿ ಯುಗಾದಿ ಬಂದರೆ ಅರಳಿಕಟ್ಟೆ ಮೇಲೆ ಜಮಖಾನ ಹಾಸಿ ಮೂರು ದಿನ ಎಲೆ ಆಡುತ್ತಿದ್ದರು. ಹೊಸತೊಡಕಿನ ದಿನ ಮಟನ್ ಊಟಕ್ಕೂ ಏಳುತ್ತಿರಲಿಲ್ಲ, ಮನೆಯವರು ಬಂದು ಕರೆಯಬೇಕು. ನಮ್ಮ ದೊಡ್ಡಪ್ಪ ಒಬ್ಬರಿದ್ದರು. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಬೆಳೆಸಿದ್ದರು. ಎಕ್ಕ ಕೈಗೆ ಬಂದರೆ ಮೂಲೆಗೆ ಒಂದು ಸಣ್ಣ ಗೀರು, ರಾಜ ಬಂದರೆ ಉದ್ದಕ್ಕೆ ಗೀರು. ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟು ಅವರಿಗೆ ಬಾಯಿಪಾಠ. ಇನ್ನೊಬ್ಬರು ಎದುರಿಗೆ ಹೊಳೆಯುವ ಸ್ಟೀಲ್ ಚೊಂಬು ಇಟ್ಟುಕೊಂಡೇ ಎಲೆ ಹಂಚುತ್ತಿದ್ದರು, ಬಾಯಾರಿಕೆ ಅಂತ. ಆ ನೀರು ಕುಡಿದದ್ದನ್ನು ಮಾತ್ರ ನಾವು ಯಾರೂ ನೋಡಿಲ್ಲ.

ಮೊಬೈಲಿನಲ್ಲಿ ಕೊನೇ ಪಕ್ಷ ಉಗುರು ಓಡಲ್ಲ.

ಹೆಬ್ಬಾಳ_ಕೋಡರ್:
ನಾನು ಇದೇ ಥರದ ಕೆಲಸ ಮಾಡೋದು, ಆಟದ ಕಂಪನಿ ಅಲ್ಲ, ಆದರೂ ಹೇಳಬಲ್ಲೆ. ಕಂಪ್ಯೂಟರ್ ಎಲೆ ಕಲೆಸೋದು ಸುಲಭ. ಫಿಶರ್ ಮತ್ತು ಯೇಟ್ಸ್ ಅನ್ನೋ ಇಬ್ಬರು 1938ರಲ್ಲೇ ವಿಧಾನ ಬರೆದಿಟ್ಟಿದ್ದಾರೆ. ಅದರ ಕಂಪ್ಯೂಟರ್ ರೂಪ ಹೀಗೆ: ಕೊನೆಯ ಎಲೆಯಿಂದ ಶುರು ಮಾಡಿ, ಅದನ್ನು ಸೇರಿಸಿ ಉಳಿದ ಎಲೆಗಳಲ್ಲಿ ಯಾವುದೋ ಒಂದರ ಜೊತೆ ಅದಲುಬದಲು ಮಾಡಿ, ಒಂದು ಹೆಜ್ಜೆ ಹಿಂದೆ ಬನ್ನಿ, ಮತ್ತೆ ಅದೇ. ಹತ್ತು ಸಾಲಿನ ಕೋಡ್ ಕೂಡ ಆಗಲ್ಲ. ಕಷ್ಟ ಇರೋದು ಆ "ಯಾವುದೋ ಒಂದು" ಅನ್ನೋದರಲ್ಲಿ. ಕಂಪ್ಯೂಟರಿಗೆ ತಾನಾಗಿ ಯಾವುದೋ ಒಂದನ್ನು ಆರಿಸೋಕೆ ಬರಲ್ಲ. ಒಂದು ಬೀಜದ ಅಂಕಿ ಕೊಡಬೇಕು, ಅದರಿಂದ ಮುಂದಿನ ಅಂಕಿಗಳನ್ನು ಬೆಳೆಸುತ್ತೆ. ಬೀಜ ಗೊತ್ತಾದರೆ ಬೆಳೆ ಪೂರ್ತಿ ಗೊತ್ತಾದ ಹಾಗೆ.

1999ರಲ್ಲಿ ಅಮೆರಿಕದಲ್ಲಿ ಆಗಿದ್ದು ಇದೇ. ಪ್ಲಾನೆಟ್ ಪೋಕರ್ ಅನ್ನೋ ಎಲೆ ಆಟದ ಸೈಟಿಗೆ ಸಾಫ್ಟ್‌ವೇರ್ ಮಾಡಿಕೊಟ್ಟವರು "ನೋಡಿ, ನಾವು ಎಷ್ಟು ಪ್ರಾಮಾಣಿಕರು" ಅಂತ ಎಲೆ ಕಲೆಸುವ ಕೋಡನ್ನು ತಾವೇ ಬಯಲಿಗೆ ಹಾಕಿದರು. ಭದ್ರತೆಯ ಕೆಲಸ ಮಾಡುವ ಕೆಲವರು ಅದನ್ನು ಓದಿದರು. 52 ಎಲೆಗಳನ್ನು ಜೋಡಿಸುವ ರೀತಿ ಎಷ್ಟು ಅಂದರೆ ಅದು 68 ಅಂಕಿಯ ಸಂಖ್ಯೆ. ಇವರ ಬೀಜದಿಂದ ಹುಟ್ಟಬಹುದಾದದ್ದು ಬರೀ 400 ಕೋಟಿ ಚಿಲ್ಲರೆ. ಅದೂ ಹೋಗಲಿ, ಬೀಜಕ್ಕೆ ತೆಗೆದುಕೊಳ್ಳುತ್ತಿದ್ದದ್ದು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನೋದನ್ನು. ಒಂದು ದಿನದಲ್ಲಿ ಇರೋದೇ 8.64 ಕೋಟಿ ಮಿಲಿಸೆಕೆಂಡ್. ತಮ್ಮ ಗಡಿಯಾರವನ್ನು ಸೈಟಿನ ಗಡಿಯಾರಕ್ಕೆ ಹೊಂದಿಸಿಕೊಂಡರೆ ಅದು ಸುಮಾರು 2 ಲಕ್ಷಕ್ಕೆ ಇಳಿಯಿತು. ತಮ್ಮ ಕೈಯ ಎರಡು ಎಲೆ, ಟೇಬಲ್ ಮೇಲಿನ ಮೂರು ಎಲೆ, ಈ ಐದು ಕಂಡ ಕೂಡಲೇ ಉಳಿದವರ ಎಲೆಗಳೆಲ್ಲ ಇವರ ಪರದೆ ಮೇಲೆ. ಇನ್ನೊಂದು ತಮಾಷೆ, ಕೋಡಿನಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾಗಿ 52ನೇ ಎಲೆ 52ನೇ ಜಾಗದಲ್ಲಿ ಉಳಿಯೋಕೇ ಸಾಧ್ಯ ಇರಲಿಲ್ಲ.

ಈಗ ಇಷ್ಟು ದಡ್ಡತನ ಯಾರೂ ಮಾಡಲ್ಲ ಬಿಡಿ.

ಚಾಮುಂಡಿ_ಮೆಟ್ಟಿಲು:
ಇಷ್ಟು ಉದ್ದ ಬರೆದು ಕೊನೆಗೆ ಆ್ಯಪ್ ಪರವಾಗಿಯೇ ಮಾತಾಡಿದರಲ್ಲ ಸ್ವಾಮಿ.

ಹೆಬ್ಬಾಳ_ಕೋಡರ್:
ಪರ ಅಲ್ಲ ಮಾರಾಯರೇ. ಕಲೆಸೋದರಲ್ಲಿ ಮೋಸ ಮಾಡೋದು ದಡ್ಡರ ಕೆಲಸ, ನೂರಾರು ಆಟ ಬರೆದಿಟ್ಟರೆ ಸಿಕ್ಕಿಬೀಳುತ್ತಾರೆ. ಬುದ್ಧಿವಂತರು ಬೇರೆ ಕಡೆ ಮಾಡುತ್ತಾರೆ ಅಂತ ಹೇಳೋಕೆ ಬಂದೆ. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ಅನ್ನೋ ಸೈಟಿನಲ್ಲಿ ಒಂದು ಖಾತೆಗೆ ಎಲ್ಲರ ಎಲೆಯೂ ಕಾಣುತ್ತಿತ್ತು. ಕಲೆಸೋದು ಸರಿಯಾಗೇ ಇತ್ತು, ಒಳಗಿನಿಂದ ಇಣುಕಿ ನೋಡುತ್ತಿದ್ದರು. ಸೋತವನೊಬ್ಬ ಆಟದ ದಾಖಲೆ ಕೇಳಿದ. ಕಂಪನಿ ಗಡಿಬಿಡಿಯಲ್ಲಿ ಎಲ್ಲರ ಎಲೆಯೂ ಇದ್ದ ದೊಡ್ಡ ಫೈಲನ್ನೇ ಕಳಿಸಿಬಿಟ್ಟಿತು. ಅದರಿಂದ ಬಯಲಾಯಿತು.

ಜೋಕರ್_ಬರಲ್ಲ:
ಹಾಗಾದರೆ ಸರ್ಟಿಫಿಕೇಟ್ ಹಾಕಿರುತ್ತಾರಲ್ಲ, ಪರೀಕ್ಷೆ ಮಾಡಿಸಿದ್ದೇವೆ ಅಂತ?

ಹೆಬ್ಬಾಳ_ಕೋಡರ್:
ಅದು ಅಂಕಿ ಬೆಳೆಸುವ ಯಂತ್ರಕ್ಕೆ ಕೊಟ್ಟ ಸರ್ಟಿಫಿಕೇಟ್. ನಿಮ್ಮ ಎದುರಿಗೆ ಕೂತವನು ಮನುಷ್ಯನಾ, ತಾನಾಗಿ ಆಡುವ ಪ್ರೋಗ್ರಾಮಾ (ಬಾಟ್), ಪಕ್ಕದವನಿಗೆ ಫೋನ್ ಮಾಡುತ್ತಿದ್ದಾನಾ, ಇದಕ್ಕೆಲ್ಲ ಅದು ಸರ್ಟಿಫಿಕೇಟ್ ಅಲ್ಲ. ಸರಿಯಾದ ದಾರಿ ಬೇರೆ ಇದೆ. ಎಲೆ ಹಂಚುವ ಮುಂಚೆಯೇ ಆ್ಯಪ್ ಎಲೆಗಳ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ನಿಮ್ಮ ಕೈಗೆ ಕೊಟ್ಟ ಹಾಗೆ ಅಂದುಕೊಳ್ಳಿ. ಆಟ ಮುಗಿದ ಮೇಲೆ ಒಡೆದು ನೋಡಬಹುದು. ಮಧ್ಯದಲ್ಲಿ ಬದಲಾಯಿಸಿದ್ದರೆ ಮುದ್ರೆ ಹೊಂದಲ್ಲ. ಕಂಪ್ಯೂಟರಿನಲ್ಲಿ ಆ ಮುದ್ರೆಗೆ ಹ್ಯಾಶ್ ಅನ್ನುತ್ತಾರೆ. ಕೆಲವು ಸೈಟ್‌ಗಳು ಇದನ್ನು ಮಾಡುತ್ತವೆ. ನಿಮ್ಮ ಆ್ಯಪ್‌ನಲ್ಲಿ ಇದೆಯಾ ನೋಡಿ.

ಅರಕೆರೆ_ಬಯಲು:
ನಿಮ್ಮದು ವಡೆ ಲೆಕ್ಕ. ನನ್ನದು ಕಬ್ಬಿನ ದುಡ್ಡು. ಎರಡು ವರ್ಷದ ಹಿಂದಿನ ಮಾತು, ಆ್ಯಪ್ ಹೆಸರು ಬೇಡ. ಕಬ್ಬಿನ ಬಿಲ್ ಖಾತೆಗೆ ಬಂದ ದಿನ ಸುಮ್ನೆ 500 ಹಾಕಿದೆ. ಗೆದ್ದೆ. ನಾಲ್ಕು ತಿಂಗಳಲ್ಲಿ 1,40,000 ಹೋಯಿತು. ಗದ್ದೆಗೆ ನೀರು ಬಿಟ್ಟು ಬದುವಿನ ಮೇಲೆ ಕೂತು ಆಡುತ್ತಿದ್ದೆ, ನೀರು ಪಕ್ಕದವರ ಗದ್ದೆಗೆ ನುಗ್ಗಿದರೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟಿದೆ ಅಂತ ಸುಳ್ಳು ಹೇಳಿದೆ. ಆಗ ನಾನೂ ಮೋಸ ಮೋಸ ಅಂತ ಕೂಗಾಡಿದವನೇ. ಈಗ ಯೋಚಿಸಿದರೆ ಮೋಸ ಇತ್ತೋ ಇಲ್ಲವೋ ಗೊತ್ತಿಲ್ಲ. ಇರಲೇಬೇಕಾದ ಅವಶ್ಯಕತೆಯೂ ಇರಲಿಲ್ಲ.

ಲೆಕ್ಕದ_ಮೇಷ್ಟ್ರು:
ಅರಕೆರೆಯವರು ಕೊನೆಯ ಸಾಲಿನಲ್ಲಿ ಹೇಳಿದ್ದು ಸರಿ. ಇಬ್ಬರು ಸಮಬಲದವರು 100 ರೂಪಾಯಿ ಹಾಕಿ ಆಡಿದರು ಅನ್ನಿ. ಒಟ್ಟು 200, ಆ್ಯಪ್ ನೂರಕ್ಕೆ 10 ಹಿಡಿದರೆ ಗೆದ್ದವನಿಗೆ 180. ಸರಾಸರಿ ಪ್ರತಿ ಆಟಕ್ಕೂ ಪ್ರತಿಯೊಬ್ಬನಿಗೂ 10 ರೂಪಾಯಿ ನಷ್ಟ. ದಿನಕ್ಕೆ 40 ಆಟ ಆಡಿದರೆ 400. ಗೆದ್ದರೂ ಸೋತರೂ ಟೇಬಲ್ಲಿನಿಂದ ಎದ್ದು ಹೋಗದೇ ಇರುವವನು ಆ್ಯಪ್ ಒಬ್ಬನೇ. ಅವನಿಗೆ ಮೋಸ ಮಾಡುವ ಕಷ್ಟ ಯಾಕೆ?

ವಕೀಲ_ಅಲ್ಲ:
ಅದಕ್ಕೇ ತಾನೇ ಬ್ಯಾನ್ ಆಗಿದ್ದು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ, ಅದು ಕೌಶಲವೋ ಅದೃಷ್ಟವೋ ಅಂತ ಕೇಳೋದೇ ಇಲ್ಲ. ನಡೆಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ.

ಚಾಮುಂಡಿ_ಮೆಟ್ಟಿಲು:
ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಜೂಜು ಹೇಗಾಗುತ್ತೆ?

ವಕೀಲ_ಅಲ್ಲ:
ಹೇಳಿದ್ದು ಹೌದು, 1967ರಲ್ಲಿ, ಆಂಧ್ರದ ಒಂದು ಕ್ಲಬ್ಬಿನ ಕೇಸಿನಲ್ಲಿ. ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಬಿಡಬೇಕು ಅನ್ನೋದಕ್ಕೆ ಬುದ್ಧಿ ಬೇಕು, ಮೂರೆಲೆ ಆಟದ ಥರ ಬರೀ ಅದೃಷ್ಟ ಅಲ್ಲ ಅಂತ. ನಮ್ಮ ರಾಜ್ಯ 2021ರಲ್ಲಿ ಆನ್‌ಲೈನ್ ಜೂಜು ನಿಲ್ಲಿಸೋಕೆ ಪೊಲೀಸ್ ಕಾಯ್ದೆ ತಿದ್ದಿತು, ಅದರ ಮುಖ್ಯ ಭಾಗವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ಹೊಡೆದು ಹಾಕಿತು. ಆಗ ಇದೇ ಕೌಶಲದ ವಾದ ಗೆದ್ದಿತ್ತು. ಹೊಸ ಕೇಂದ್ರ ಕಾನೂನು ಆ ಬಾಗಿಲನ್ನೇ ಮುಚ್ಚಿತು, ದುಡ್ಡು ಇದ್ದರೆ ಸಾಕು ನಿಷೇಧ. ಅದನ್ನೂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದಾರೆ.

ಪಾಂಡವಪುರ_ಪ್ಯಾಸೆಂಜರ್:
ವಡೆ ದುಡ್ಡಿನ ಲೆಕ್ಕಕ್ಕೆ ಬರುತ್ತಾ ವಕೀಲರೇ? ಕಬ್ಬಿನಗದ್ದೆಯವರು ಒಳಗೆ ಹೋದರೆ ಪಾರ್ಸೆಲ್ ಕಳಿಸೋಣ.

ವಕೀಲ_ಅಲ್ಲ:
ಹೆಸರಲ್ಲೇ ಇದೆ, ನಾನು ವಕೀಲ ಅಲ್ಲ.

ಸರಸ್ವತಿಪುರಂ_ಅತ್ತೆ:
ಎಲ್ಲರೂ ಅಮೆರಿಕ, ಸುಪ್ರೀಂ ಕೋರ್ಟು ಅಂತ ಸುತ್ತಾಡಿ ಬಂದಿರಿ. ನಾನು ಒಂದು ಸಣ್ಣ ಪ್ರಶ್ನೆ ಕೇಳಲಾ? ಆ ಭಾವನ ಆಫೀಸಿನವರನ್ನು ನಿಮ್ಮಲ್ಲಿ ಯಾರಾದರೂ ಕಣ್ಣಾರೆ ನೋಡಿದ್ದೀರಾ? ವಡೆ ತಿನ್ನೋಕೆ ಯಾವತ್ತಾದರೂ ಬಂದಿದ್ದರಾ?

ಕಬ್ಬಿನಗದ್ದೆ_ಮಂಡ್ಯ:
ಇಲ್ಲ ಮೇಡಂ. ಅವರ ಪಾಲಿನದ್ದನ್ನು ಭಾವನೇ ಕಟ್ಟಿಸಿಕೊಂಡು ಹೋಗುತ್ತಾರೆ.

ಸರಸ್ವತಿಪುರಂ_ಅತ್ತೆ:
ಹೂಂ.

ಜೋಕರ್_ಬರಲ್ಲ:
ಅತ್ತೆ ಒಂದೇ "ಹೂಂ"ನಲ್ಲಿ ಕೇಸ್ ಮುಗಿಸಿದರು.

ಹೆಬ್ಬಾಳ_ಕೋಡರ್:
ಅಯ್ಯೋ, ಇದು ನನಗೆ ಹೊಳೆಯಲೇ ಇಲ್ಲ. ಕಬ್ಬಿನಗದ್ದೆಯವರೇ, ನೋಟ್‌ಬುಕ್‌ನಲ್ಲಿ ಇನ್ನೆರಡು ವಿಷಯ ಬರೆಯಿರಿ. ಒಂದು, ಕೂತ ಕ್ರಮ. ರಮ್ಮಿಯಲ್ಲಿ ಬಿಸಾಕಿದ ಎಲೆ ಎತ್ತೋಕೆ ಆಗೋದು ಮುಂದಿನವರಿಗೆ ಮಾತ್ರ. ಹಾಗಾಗಿ ಇಬ್ಬರು ಸೇರಿ ಮೋಸ ಮಾಡಬೇಕಂದರೆ ಕಳ್ಳನಿಗಿಂತ ಒಂದು ಸೀಟು ಮುಂಚೆ ಅವನ ಜೊತೆಗಾರ ಇರಬೇಕು. ಎರಡು, ಆಟ ಮುಗಿದಾಗ ಎಲ್ಲರ ಎಲೆ ತೋರಿಸುತ್ತಲ್ಲ, ಅದರ ಸ್ಕ್ರೀನ್‌ಶಾಟ್. ಬಿಸಾಕಿದ ಎಲೆಗಳ ಪಟ್ಟಿಯೂ ಸಿಕ್ಕರೆ ಇನ್ನೂ ಒಳ್ಳೇದು.

ನಜರ್‌ಬಾದ್_ನೋಟ:
ವಿಷಯ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಎಲೆ ಆಟ ಅಂತ ಇಷ್ಟು ಮಾತಾಡುತ್ತಿದ್ದೀರಿ, ಮೈಸೂರಿನವರು ಒಬ್ಬರಾದರೂ ಗಂಜೀಫಾ ಅನ್ನಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚು ಎಷ್ಟಿತ್ತು ಅಂದರೆ ತಾವೇ ಹೊಸ ಹೊಸ ಎಲೆ ಆಟ ಕಟ್ಟಿದ್ದರು. ದುಂಡನೆಯ ಎಲೆ, ಕೈಯಲ್ಲಿ ಬರೆದ ಚಿತ್ರ. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ತಲಾ 12 ಎಲೆ, ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಒಟ್ಟು 120. ಗಂಜೀಫಾ ರಘುಪತಿ ಭಟ್ಟರು ಬರೆದ ಎಲೆಗಳನ್ನು ನೋಡಿ, ಎಲೆ ಬಿಸಾಕೋಕೆ ಮನಸ್ಸೇ ಬರಲ್ಲ.

ಪಾಂಡವಪುರ_ಪ್ಯಾಸೆಂಜರ್:
ದುಂಡನೆಯ ಎಲೆಗೆ ಮೂಲೆಯೇ ಇಲ್ಲ. ನಮ್ಮ ದೊಡ್ಡಪ್ಪ ಗೀರು ಎಲ್ಲಿಗೆ ಹಾಕಬೇಕು?

ಲೆಕ್ಕದ_ಮೇಷ್ಟ್ರು:
ಕೈಯಲ್ಲಿ ಕಲೆಸೋದರ ಬಗ್ಗೆ ಒಂದು ಮಾತು. 52 ಎಲೆಯನ್ನು ಎರಡು ಭಾಗ ಮಾಡಿ ಪರಪರ ಅಂತ ಸೇರಿಸುತ್ತೇವಲ್ಲ, ಅದು ಸರಿಯಾಗಿ ಕಲೆಯೋಕೆ ಸುಮಾರು ಏಳು ಸಲ ಬೇಕು ಅಂತ ಬೇಯರ್, ಡಯಾಕೋನಿಸ್ ಅನ್ನೋ ಗಣಿತಜ್ಞರು 1992ರಲ್ಲಿ ತೋರಿಸಿದರು. ನಾವು ಎರಡು ಮೂರು ಸಲಕ್ಕೇ ಹಂಚಿಬಿಡುತ್ತೇವೆ. ಬ್ರಿಡ್ಜ್ ಆಡೋರು ಕೂಡ ಕಂಪ್ಯೂಟರ್ ಎಲೆ ಹಂಚೋಕೆ ಶುರು ಮಾಡಿದಾಗ ಇದೇನು ವಿಚಿತ್ರ ಎಲೆ ಬರುತ್ತೆ ಅಂತ ಗೊಣಗಿದ್ದರು. ಅಷ್ಟು ವರ್ಷ ಸರಿಯಾಗಿ ಕಲೆಸದೇ ಇದ್ದದ್ದು ತಾವೇ!

ಕಬ್ಬಿನಗದ್ದೆ_ಮಂಡ್ಯ:
ಆರು ರಾತ್ರಿ ಆಯಿತು. 100 ಆಟ ಬರೆದೆ. ಹೆಂಡತಿ ಇದೇನು ಚೀಟಿ ಲೆಕ್ಕನಾ ಅಂತ ಕೇಳಿದಳು.

ಜೋಕರ್ ಇಲ್ಲದ ಆಟ 27. ಮೇಷ್ಟ್ರು 29 ಅಂದಿದ್ದರು. ಆ್ಯಪ್‌ಗೆ ಕ್ಷಮೆ ಕೇಳುತ್ತೇನೆ.

ಈಗ ಉಳಿದದ್ದು ಕೇಳಿ. ಗೆಲುವು: ಭಾವ 41. ಉಳಿದ ನಾವು ನಾಲ್ಕು ಜನ ಸೇರಿ 56. ಆ ಆಫೀಸಿನವರು ಬರೀ 3. ಮೂರೂ ಆಟದಲ್ಲಿ ಭಾವ ಮೊದಲೇ ಡ್ರಾಪ್ ಆಗಿ ಆಟ ಬಿಟ್ಟಿದ್ದರು. ಟೇಬಲ್‌ಗೆ ಮೊದಲು ಬರೋದು ಆಫೀಸಿನವರು, ಅವರ ಹಿಂದೆಯೇ ಭಾವ, ಪ್ರತಿ ರಾತ್ರಿಯೂ ಅದೇ ಕ್ರಮ. ನಾವು ಯಾರೂ ಗಮನಿಸಿರಲೇ ಇಲ್ಲ.

63ನೇ ಆಟ ಅಂತೂ ನಾನು ಸಾಯೋವರೆಗೂ ಮರೆಯಲ್ಲ. ಆಫೀಸಿನವರ ಕೈಯಲ್ಲಿ ಆಟಿನ್ 5, 6, 7 ಇತ್ತು, ಒಳ್ಳೆ ಲೈಫ್. ಬೇರೆ ಲೈಫ್ ಇರಲಿಲ್ಲ. ಮಧ್ಯದ 6 ತೆಗೆದು ಬಿಸಾಕಿದರು. ಯಾರಾದರೂ ಬಿಸಾಕುತ್ತಾರಾ? ಭಾವ ಅದನ್ನು ಎತ್ತಿಕೊಂಡು 6ರ ಸೆಟ್ ಮಾಡಿ ಶೋ ಕೊಟ್ಟರು. ಸ್ಕ್ರೀನ್‌ಶಾಟ್ ಇದೆ.

ಚಾಮುಂಡಿ_ಮೆಟ್ಟಿಲು:
ಇನ್ನೂ ಅನುಮಾನದ ಲಾಭ ಕೊಡಬಹುದು. ತಪ್ಪಿ ಬೆರಳು ತಾಗಿರಬಹುದು ಅಲ್ವಾ.

ಜೋಕರ್_ಬರಲ್ಲ:
ನಿಮಗೆ ಆ್ಯಪ್ ಮೇಲೆ ಇದ್ದ ಅನುಮಾನ ಭಾವನ ಮೇಲೆ ಯಾಕಿಲ್ಲ? ನೀವೇ ಭಾವನಾ?

ಚಾಮುಂಡಿ_ಮೆಟ್ಟಿಲು:
😂 ಇಲ್ಲಪ್ಪ. ಆದರೆ ನನಗೂ ಒಬ್ಬ ಭಾವಮೈದ ಇದ್ದಾನೆ.

ಕಬ್ಬಿನಗದ್ದೆ_ಮಂಡ್ಯ:
ಬೆರಳು ತಾಗಿದ್ದು ಅಂತ ನಾನೂ ಅಂದುಕೊಂಡೆ. ಶುಕ್ರವಾರ ರಾತ್ರಿ 10:20ಕ್ಕೆ ಭಾವನ ಏರಿಯಾದಲ್ಲಿ ಕರೆಂಟ್ ಹೋಯಿತು. ಭಾವ ಡಿಸ್‌ಕನೆಕ್ಟ್. ಅದೇ ಕ್ಷಣ ಬೆಂಗಳೂರಿನವರೂ ಡಿಸ್‌ಕನೆಕ್ಟ್. ನಾಲ್ಕು ನಿಮಿಷ ಆದ ಮೇಲೆ ಇಬ್ಬರೂ ಒಟ್ಟಿಗೇ ವಾಪಸ್ ಬಂದರು. ಬೋಗಾದಿಯಲ್ಲಿ ಕರೆಂಟ್ ಹೋದರೆ ಬೆಂಗಳೂರಿನಲ್ಲಿ ವೈಫೈ ಆಫ್ ಆಗುತ್ತಾ?

ಲೆಕ್ಕದ_ಮೇಷ್ಟ್ರು:
ಇದಕ್ಕೆ ಲೆಕ್ಕ ಬೇಡ.

ಸರಸ್ವತಿಪುರಂ_ಅತ್ತೆ:
ಅಕ್ಕನಿಗೆ ಫೋನ್ ಮಾಡಿ. ಭಾವನಿಗೆ ಅಲ್ಲ.

ಅರಕೆರೆ_ಬಯಲು:
ಜಗಳ ಮಾಡಿಕೊಳ್ಳಬೇಡಿ. ವಡೆಯಲ್ಲೇ ಮುಗಿಯಿತಲ್ಲ, ಪುಣ್ಯ.

ಕಬ್ಬಿನಗದ್ದೆ_ಮಂಡ್ಯ:
ಅಕ್ಕನಿಗೆ ಫೋನ್ ಮಾಡಿದೆ. "ನಿಮ್ಮ ಮನೆಯಲ್ಲಿ ಹಳೇ ಫೋನ್ ಏನಾದರೂ ಇದೆಯಾ" ಅಂದೆ ಅಷ್ಟೇ. "ಹೂಂ, ಗಾಜು ಒಡೆದದ್ದು ಒಂದಿದೆ, ದಿನಾ ರಾತ್ರಿ ಇವರು ಅದನ್ನು ತೊಡೆ ಮೇಲೆ ಇಟ್ಟುಕೊಂಡು ಕೂರುತ್ತಾರೆ, ಆಫೀಸ್ ಕೆಲಸ ಅಂತೆ" ಅಂದಳು. ಆಮೇಲೆ ನಾನು ಎಲ್ಲ ಹೇಳಿದೆ. ಐದು ನಿಮಿಷ ನಕ್ಕಳು, ಆಮೇಲೆ ನಗೋದು ನಿಲ್ಲಿಸಿದಳು. ಅದು ಭಾವನಿಗೆ ಒಳ್ಳೇದಲ್ಲ.

ಭಾವ ಮೊದಲು ಮಗ ಆಡುತ್ತಿದ್ದ ಅಂದರು. ಮಗನಿಗೆ ಆರು ವರ್ಷ. ಆಮೇಲೆ ಒಪ್ಪಿಕೊಂಡರು. ನಾಲ್ಕು ತಿಂಗಳ ವಡೆ ವಾಪಸ್ ಕೊಡಿಸಬೇಕು ಅಂತ ಚಿಕ್ಕಪ್ಪನ ತೀರ್ಪು. ಯುಗಾದಿಗೆ ಎಲ್ಲರೂ ಮಂಡ್ಯದ ನಮ್ಮ ಮನೆಗೇ ಬರುತ್ತಾರೆ, ಹೊಸ ಕಟ್ಟು ತಂದಿಟ್ಟಿದ್ದೇನೆ, ಕೈಯಲ್ಲೇ ಆಡೋದು.

ಪಾಂಡವಪುರ_ಪ್ಯಾಸೆಂಜರ್:
ಯಾರು ಹಂಚೋದು? ಅದನ್ನು ಮೊದಲು ತೀರ್ಮಾನ ಮಾಡಿ. ಚೊಂಬು ಒಳಗೆ ಇಡಿ.

ಕಬ್ಬಿನಗದ್ದೆ_ಮಂಡ್ಯ:
ಅಕ್ಕ ಹಂಚುತ್ತಾಳೆ. ಏಳು ಸಲ ಕಲೆಸಿ.

ನಜರ್‌ಬಾದ್_ನೋಟ:
ಗಂಜೀಫಾ ಆಡೋಕೆ ಕಲಿಸೋರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ನೋಡೋಕೆ ಅಲ್ಲ, ಆಡೋಕೆ.